ಪತ್ತೇದಾರನ ಹರೆಯ

ಲೋಕಪ್ರಸಿದ್ಧನಾದ ಪತ್ತೇದಾರನಿಗೂ ಒಂದು ಹರೆಯವಿದ್ದಿತೆಂಬುದು ಅವನ ಕತೆಗಳನ್ನೋದುವವರಿಗೆ ಬೇಗನೆ ನೆನಪಾಗುವುದಿಲ್ಲ. ಶರ್ಲಾಕ್ ಹೋಮ್ಸನು ವಾಚಕರ ಕಣ್ಣಿಗೆ ಮೊದಲು ಬೀಳುವಾಗಲೇ ಬೆಳೆದು ಪಳಗಿದ ಆಳು. 1887ರಲ್ಲಿ ಅಚ್ಚಾದ ಮೊದಲನೆಯ ಕಾದಂಬರಿಯಲ್ಲಿ ಡಾಕ್ಟರ್ ವಾಟ್ಸನನ ಕೈ ಕುಲುಕಿದ ಕ್ಷಣವೇ ಆತನು ಆಫ್ಘಾನಿಸ್ತಾನದಿಂದ ಬಂದವನೆಂದು ಹೇಳಿಬಿಡುತ್ತಾನೆ. ಈ ಜಾಣ್ಮೆಯು ಎಲ್ಲಿ ಮೊಳೆಯಿತು, ಅದಕ್ಕೆ ಅವನು ಏನು ಬೆಲೆ ತೆತ್ತನು ಎಂಬುದನ್ನು ಕರ್ತೃವಾದ ಆರ್ಥರ್ ಕಾನನ್ ಡಾಯ್ಲನು ಬಹು ಸ್ವಲ್ಪವೇ ತಿಳಿಸಿರುವನು. ಆತನು ಬೀಳುಬಿಟ್ಟ ಆ ನೆಲದಲ್ಲಿ ಚಲಚ್ಚಿತ್ರದವರು ಬೇಸಾಯ ಹೂಡಿದರು.

ಅಂಥ ಬೆಳೆಗಳಲ್ಲಿ ಹೆಸರಾದುದು 1985ರಲ್ಲಿ ಹೊರಬಂದ 'ಯಂಗ್ ಶರ್ಲಾಕ್ ಹೋಮ್ಸ್'. ಬ್ಯಾರಿ ಲೆವಿನ್‌ಸನ್ ನಿರ್ದೇಶಿಸಿದ ಈ ಚಿತ್ರದಲ್ಲಿ ಹೋಮ್ಸನೂ ವಾಟ್ಸನನೂ ಲಂಡನ್ನಿನ ಒಂದು ಪಾಠಶಾಲೆಯ ಹುಡುಗರು. ಇದು ಮೂಲ ಕತೆಗೆ ವಿರುದ್ಧವೆಂಬುದು ಚಿತ್ರ ಮಾಡಿದವರಿಗೂ ಗೊತ್ತು. ಗಾಜಿನ ಕಿಟಕಿಯೊಳಗಿನ ಯೋಧನೊಬ್ಬನು ಕತ್ತಿ ಹಿಡಿದು ಕೆಳಗೆ ಧುಮುಕುವ ದೃಶ್ಯವೊಂದು ಅದರಲ್ಲುಂಟು. ಗಣಕಯಂತ್ರದಿಂದ ಪೂರ್ತಿಯಾಗಿ ರಚಿಸಿದ ಪಾತ್ರವು ಕತೆಯ ಚಿತ್ರವೊಂದರಲ್ಲಿ ನಡೆದಾಡಿದುದರ ಮೊದಲ ನಿದರ್ಶನಗಳಲ್ಲಿ ಅದೊಂದು. ಆದರೆ ಹುಡುಗರ ಮನಸ್ಸನ್ನು ಸೆಳೆಯುವುದು ಬೇರೊಂದು ಸಂದರ್ಭ. ಸಹಪಾಠಿಯು ಅಡಗಿಸಿಟ್ಟ ಬಹುಮಾನವನ್ನು ಒಂದು ಗಂಟೆಯೊಳಗೆ ಪತ್ತೆಮಾಡಬೇಕೆಂಬ ಪಂಥ ಹೂಡಲಾಗುತ್ತದೆ. ಎಳೆಯ ಹೋಮ್ಸನು ಸುಳುಹುಗಳನ್ನು ಹಿಡಿದು ಹೋಗಿ ಶಾಲೆಯ ಹುಡುಗರೆಲ್ಲರ ಮುಂದೆ ಅದನ್ನು ಹೊರತೆಗೆಯುತ್ತಾನೆ.

ಈ ಚಿತ್ರವು ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಒಂದು ಮನೆಗೂ ಬಂದು ತಲುಪಿತು. ಮನೆಯ ಯಜಮಾನರು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದವರು. ಅವರ ಕಪಾಟಿನಲ್ಲಿ ಡಾಯ್ಲನ ಕತೆಗಳ ಹಳೆಯ ಪ್ರತಿಯ ಪಕ್ಕದಲ್ಲಿಯೇ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಸಾಲಾಗಿದ್ದವು. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ನರಸಿಂಹಯ್ಯನವರು ಐನೂರಕ್ಕೂ ಮೇಲ್ಪಟ್ಟು ಕಾದಂಬರಿಗಳನ್ನು ಬರೆದು, 'ಪತ್ತೇದಾರ ಪುರುಷೋತ್ತಮ'ನನ್ನು ಕನ್ನಡದ ಮನೆಮನೆಗೂ ಪರಿಚಯ ಮಾಡಿಸಿದರು. ಇಂಥ ಪುಸ್ತಕಗಳನ್ನೋದಿ ತಾನೂ ಪತ್ತೇದಾರನಾಗಬೇಕೆಂದು ಹಂಬಲಿಸುವ ಹಳ್ಳಿಯ ಹುಡುಗನನ್ನೇ ನಾಯಕನನ್ನಾಗಿ ಮಾಡಿ, ಜಯತೀರ್ಥರು 2019ರಲ್ಲಿ 'ಬೆಲ್ ಬಾಟಂ' ಎಂಬ ಚಿತ್ರವನ್ನು ತೆಗೆದರು. ರಿಷಬ್ ಶೆಟ್ಟರು ನಟಿಸಿದ ಆ ದಿವಾಕರನು ಹೋಮ್ಸನಿಗೆ ದೂರದ ನಂಟನೇ ಸರಿ. ಹದಿನಾಲ್ಕು ವರ್ಷದ ಮೊಮ್ಮಗನು ಬೇಸಿಗೆಯ ರಜದಲ್ಲಿ ಎರಡು ಚಿತ್ರಗಳನ್ನೂ ನೋಡಿ, ನೆರೆಯವರ ಮೆಟ್ಟಿನ ಮಣ್ಣು ನೋಡಿ ಅವರು ಗದ್ದೆಯಿಂದ ಬಂದರೋ ಕಬ್ಬಿನ ಗಾಡಿಯೊಡನೆ ಕೆ.ಎಂ. ದೊಡ್ಡಿಯ ಕಾರ್ಖಾನೆಗೆ ಹೋಗಿಬಂದರೋ ಎಂದು ಹೇಳತೊಡಗಿದನು. ತಾತನಿಗೂ ಒಳಗೊಳಗೆ ಹೆಮ್ಮೆಯಾಗದಿರಲಿಲ್ಲ.

ಹೀಗಿರುವಾಗ, ದೇವರ ಹರಕೆಗೆಂದು ಅಜ್ಜಿಯು ತಗಡಿನ ಪೆಟ್ಟಿಗೆಯಲ್ಲಿ ಮೀಸಲಿಟ್ಟಿದ್ದ ಹಣದಲ್ಲಿ 2,000 ರೂಪಾಯಿ ಕಾಣೆಯಾಯಿತು. ಆ ಊರಿನಲ್ಲಿ ಇಂಥ ಸಂದರ್ಭಕ್ಕೆ ಒಂದು ಹಳೆಯ ದಾರಿಯಿದೆ. ಕಾಲಭೈರವೇಶ್ವರನ ಬಸಪ್ಪನು ಕಳವು ವ್ಯಾಜ್ಯಗಳಲ್ಲಿ ನಿಜವನ್ನು ತೋರಿಸಿಕೊಡುವನೆಂದು ಸುತ್ತಿನ ಜನರ ನಂಬಿಕೆ. ನೆರೆಯವರು ಬಸಪ್ಪನನ್ನು ಕೇಳೋಣವೆಂದರು. ಹುಡುಗನು ಅಷ್ಟು ದೂರ ಹೋಗಬೇಕಾದುದಿಲ್ಲವೆಂದನು. ಪೆಟ್ಟಿಗೆಯ ಚಿಲಕದಲ್ಲಿ ಹುಣಿಸೆಯ ನಾರೊಂದು ಅಂಟಿಕೊಂಡಿದ್ದಿತು; ಹಿಂದಿನ ದಿನ ಹಿತ್ತಿಲಿನಲ್ಲಿ ಕುಳಿತು ಹುಣಿಸೆಯ ಬೀಜ ಬಿಡಿಸಿದವರು ಒಬ್ಬರೇ. ಜಗಲಿಯ ಮೇಲೆ ಏಳೆಂಟು ಜನರು ಕುಳಿತಿದ್ದ ಹಾಗೆಯೇ ಅವನು ಸೋದರತ್ತೆಯ ಕಡೆಗೆ ತಿರುಗಿ, "ಅತ್ತೆ, ತೆಗೆದೋಳು ನೀನೇ," ಎಂದುಬಿಟ್ಟನು.

ಅವನ ಲೆಕ್ಕ ತಪ್ಪಿರಲಿಲ್ಲ. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಆಕೆ, ಮಂಡ್ಯದಲ್ಲಿ ಓದುತ್ತಿದ್ದ ಮಗಳ ಪರೀಕ್ಷೆಯ ಶುಲ್ಕಕ್ಕಾಗಿ, ಮತ್ತೆ ಇಡುವೆನೆಂಬ ಧೈರ್ಯದಿಂದ ಆ ಹಣವನ್ನು ತೆಗೆದಿದ್ದಳು. ತನಗೆ ಅನ್ನವಿಕ್ಕುವ ತಂದೆಯನ್ನು ಇನ್ನಷ್ಟು ಕೇಳಲು ನಾಲಗೆ ಏಳಲಿಲ್ಲ. ಆಕೆ ಏನನ್ನೂ ಹೇಳದೆ ಒಳಗೆ ಹೋದಳು. ಎರಡು ದಿನ ಎಲ್ಲರೊಡನೆ ಊಟಕ್ಕೆ ಕುಳಿತುಕೊಳ್ಳಲಿಲ್ಲ. ಹುಡುಗನನ್ನು ಯಾರೂ ಗದರಿಸಲಿಲ್ಲ. ಯಾರೂ ಹೊಗಳಲೂ ಇಲ್ಲ.

ಎರಡನೆಯ ದಿನದ ಸಂಜೆ ಅವನೇ ತಾತನ ಬಳಿಗೆ ಬಂದು, "ನಿಜ ಹೇಳಿದ್ದು ತಪ್ಪಾ ತಾತ?" ಎಂದು ಕೇಳಿದನು. ಅವರು ಉತ್ತರ ಹೇಳದೆ, ಕಪಾಟಿನಿಂದ ಡಾಯ್ಲನ ಪುಸ್ತಕವನ್ನು ತೆಗೆದು, 1893ರಲ್ಲಿ ಪ್ರಕಟವಾದ 'ಗ್ಲೋರಿಯಾ ಸ್ಕಾಟ್' ಎಂಬ ಕತೆಯನ್ನು ಬಿಡಿಸಿ ಹೇಳಿದರು.

ಹೋಮ್ಸನ ಹರೆಯವನ್ನು ಕುರಿತು ಅವನ ಕರ್ತೃವೇ ಬರೆದ ಕತೆ ಅದು. ಕಾಲೇಜಿನಲ್ಲಿ ಹೆಚ್ಚು ಸ್ನೇಹಿತರಿಲ್ಲದ ತರುಣ ಹೋಮ್ಸನ ಕಾಲನ್ನು ವಿಕ್ಟರ್ ಟ್ರೆವರ್ ಎಂಬವನ ನಾಯಿ ಕಚ್ಚುತ್ತದೆ. ಅದರಿಂದಲೇ ಇಬ್ಬರಿಗೂ ಗೆಳೆತನ ಬೆಳೆಯುತ್ತದೆ. ರಜದಲ್ಲಿ ಗೆಳೆಯನ ಮನೆಗೆ ಹೋದಾಗ, ಊಟವಾದ ಮೇಲೆ, ಮುದುಕನಾದ ಟ್ರೆವರನು ತನ್ನ ವಿಚಾರವಾಗಿ ಏನನ್ನಾದರೂ ಹೇಳೆಂದು ಅವನನ್ನು ಕೆಣಕುತ್ತಾನೆ. ಹೋಮ್ಸನು ಒಂದೊಂದಾಗಿ ಹೇಳುತ್ತ ಹೋಗಿ, ಮುದುಕನು ಮರೆಯಬೇಕೆಂದು ಬಯಸಿದ ಯಾವನೋ ಒಬ್ಬನ ಹೆಸರಿನ ಮೊದಲಕ್ಷರಗಳನ್ನೂ ನುಡಿಯುತ್ತಾನೆ. ತೋಳಿನ ಮೇಲೆ ಅಳಿಸಲೆತ್ನಿಸಿದ್ದ ಹಚ್ಚೆಯಲ್ಲಿ ಅವನು ಅವನ್ನು ಕಂಡಿದ್ದನು. ಆತಿಥ್ಯವಿತ್ತ ಮುದುಕನು ಅಲ್ಲಿಯೇ ಮೂರ್ಛೆಹೋಗಿ ಮೇಜಿನ ಮೇಲೆ ಕುಸಿಯುತ್ತಾನೆ. ಎಚ್ಚೆತ್ತ ಮೇಲೆ, ಈ ವಿದ್ಯೆಯನ್ನೇ ಬದುಕಿನ ಕಸುಬನ್ನಾಗಿ ಮಾಡಿಕೊಳ್ಳೆಂದು ಸೂಚಿಸುವವನೂ ಆ ಮುದುಕನೇ. ಆದರೆ ಆ ದಿನದಿಂದ ಅವನ ಕಣ್ಣಿನಲ್ಲಿ ಅಂಜಿಕೆಯೊಂದು ಉಳಿಯುತ್ತದೆ. ಅದನ್ನರಿತ ಹೋಮ್ಸನು ಆ ಮನೆಯಿಂದ ಹೊರಡಲು ನಿಶ್ಚಯಿಸುತ್ತಾನೆ. ಮುಂದೆ ಲಂಡನ್ನಿನಲ್ಲಿ ಪ್ರಸಿದ್ಧನಾದ ಮೇಲೆ, ನೀಲಿಯ ರತ್ನವನ್ನು ಕದ್ದು ನಡುಗುತ್ತಿದ್ದ ಬಡಪಾಯಿಯೊಬ್ಬನನ್ನು ಪೊಲೀಸರಿಗೊಪ್ಪಿಸದೆ ಬಾಗಿಲು ತೆರೆದು ಕಳುಹಿಸಿದವನೂ ಇದೇ ಹೋಮ್ಸನು.

"ಕಂಡದ್ದು ತಪ್ಪಲ್ಲ ಮಗು," ಎಂದರು ತಾತ. "ಜಗಲಿ ಮೇಲೆ ಹೇಳಿದ್ದು ತಪ್ಪು. ಒಳಗೆ ಹೋಗಿ ಅವಳನ್ನ ಕೇಳಿದ್ದರೆ ಅವಳೇ ಹೇಳ್ತಿದ್ದಳು." ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ, "ನನಗೂ ಕಾಣಬೇಕಾಗಿತ್ತು. ಹುಣಿಸೆ ನಾರಲ್ಲ, ಅವಳಿಗೆ ಹಣ ಬೇಕಾಗಿದ್ದದ್ದು," ಎಂದರು.

ಚಲಚ್ಚಿತ್ರದ ಎಳೆಯ ಹೋಮ್ಸನಿಗೂ ನೋವು ಇಲ್ಲದಿಲ್ಲ. 1985ರ ಚಿತ್ರದಲ್ಲಿ ಅವನು ಒಲಿದ ಹುಡುಗಿಯು ಕೊನೆಗೆ ಸಾಯುತ್ತಾಳೆ. ಅವನ ಮುಂದಿನ ಒಂಟಿತನಕ್ಕೆ ಅದೇ ಕಾರಣವೆಂದು ಕತೆ ತೋರಿಸುತ್ತದೆ. 2020ರ 'ಎನೋಲಾ ಹೋಮ್ಸ್' ಚಿತ್ರವು ಅವನಿಗೆ ಚುರುಕಾದ ತಂಗಿಯೊಬ್ಬಳನ್ನು ಕೊಟ್ಟು, ಅವಳ ಎದುರಿನಲ್ಲಿ ಅವನ ಮನಸ್ಸು ಕರಗುವುದನ್ನು ಚಿತ್ರಿಸುತ್ತದೆ. ಇವೆಲ್ಲ ನೋಡಲು ಸೊಗಸಾದುವೇ. ಆದರೆ ಲೋಕವು ಹೋಮ್ಸನಿಗೆ ಮಾಡಿದ ಗಾಯವನ್ನು ತೋರಿಸುವಷ್ಟು ಸಲೀಸಾಗಿ, ಹೋಮ್ಸನ ಜಾಣ್ಮೆಯು ಇನ್ನೊಬ್ಬರಿಗೆ ಮಾಡಿದ ಗಾಯವನ್ನು ತೆರೆಯು ತೋರಿಸುವುದಿಲ್ಲ. ಮೊದಲನೆಯದರಿಂದ ನಾಯಕನು ಹುಟ್ಟಬಹುದು. ವಿವೇಕಿಯು ಹುಟ್ಟುವುದು ಎರಡನೆಯದರಿಂದ. ಡಾಯ್ಲನು ಒಂದು ಊಟದ ಮೇಜಿನ ಬಳಿ ಮುಗಿಸಿದ ಆ ಪಾಠಕ್ಕೆ ಇನ್ನೂ ಒಳ್ಳೆಯ ಚಿತ್ರವೊಂದು ಬರಬೇಕಾಗಿದೆ.

ಆ ರಾತ್ರಿ ಹುಡುಗನು ತಟ್ಟೆಯನ್ನೆತ್ತಿಕೊಂಡು ಅಡುಗೆಮನೆಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕುಳಿತನು. ಇಬ್ಬರೂ ಮಾತನಾಡಲಿಲ್ಲ. ಆಕೆ ಮುದ್ದೆಯನ್ನು ಮುರಿದು ಅರ್ಧವನ್ನು ಅವನ ತಟ್ಟೆಗೆ ಹಾಕಿದಳು. ಮರುದಿನ ಅಜ್ಜಿಯು ಯಾವ ಪೀಠಿಕೆಯೂ ಇಲ್ಲದೆ ಪೆಟ್ಟಿಗೆಯ ಬೀಗದ ಕೈಯನ್ನು ಮಗಳ ಸೆರಗಿಗೆ ಕಟ್ಟಿದರು. ನೆರೆಯವರು ಕಳವಿನ ವಿಚಾರವೇನಾಯಿತೆಂದು ಕೇಳಿದಾಗ, ಹಣ ಮನೆಯಲ್ಲಿಯೇ ಇದ್ದಿತೆಂದು ಹುಡುಗನೇ ಉತ್ತರ ಕೊಟ್ಟನು.