ಕಾರ್ಕಳದಲ್ಲಿ ನಿಂತ ಪದ್ಮಿನಿ

ಮಣಿಪಾಲದ ಗುಡ್ಡದಿಂದ ಉಡುಪಿಗೆ ಇಳಿಯುವ ದಾರಿ ಐದಾರು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಆದರೆ ಹಳೆಯ ಕಾರಿನ ಬ್ರೇಕು ಹೇಗಿದೆಯೆಂದು ತಿಳಿಯಲು ಅಷ್ಟು ಇಳಿಜಾರು ಧಾರಾಳವಾಗಿ ಸಾಕು. 2024ರ ಶ್ರಾವಣದ ಒಂದು ಬೆಳಗ್ಗೆ, ಮಳೆಯು ಅರೆಗಳಿಗೆ ಬಿಡುವು ಕೊಟ್ಟಾಗ, ಕೆನೆಬಣ್ಣದ ಪ್ರೀಮಿಯರ್ ಪದ್ಮಿನಿಯೊಂದು ಆ ದಾರಿಯಲ್ಲಿ ಎರಡನೆಯ ಗೇರಿನಲ್ಲಿ ಗೊಣಗುತ್ತ ಇಳಿಯಿತು. ನಡೆಸುತ್ತಿದ್ದವರು ನಿವೃತ್ತ ಶಾಲಾ ಮಾಸ್ತರರು. ಇಂದ್ರಾಳಿಯ ಬಳಿ ಎದುರಿಗೆ ಬಸ್ಸು ಬಂದಾಗ ಅವರು ಬ್ರೇಕನ್ನು ಒಂದು ಸಲವಲ್ಲ, ಎರಡು ಸಲ ತುಳಿದುದನ್ನು ಪಕ್ಕದಲ್ಲಿದ್ದ ಪತ್ನಿ ಕಂಡರು, ಮಾತನಾಡಲಿಲ್ಲ.

ಇನ್ನು ಒಂಬತ್ತು ದಿನಗಳಲ್ಲಿ ತೀರ್ಥಹಳ್ಳಿಯಲ್ಲಿ ಮಾಸ್ತರರ ತಂಗಿಯ ಮೊಮ್ಮಗಳ ಮದುವೆ. ದಾರಿಯೆಂದರೆ ಹೆಬ್ರಿ, ಸೋಮೇಶ್ವರ, ಅಲ್ಲಿಂದ ಆಗುಂಬೆಯ ಘಾಟಿಯ 14 ತಿರುವುಗಳು. ಏರುವುದು ಎಂಜಿನಿನ ಕೆಲಸ. ಇಳಿಯುವುದು ಬ್ರೇಕಿನ ಕೆಲಸ. ಮುಂಬಯಿಯಲ್ಲಿದ್ದ ಮಗ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಪ್ಪಾ, ಅದನ್ನು ಮಾರಿಬಿಡಿ."

ಮಾರುವುದು ಅಷ್ಟು ಸುಲಭವಿರಲಿಲ್ಲ. 1984ರಲ್ಲಿ ತಯಾರಾದ ಆ ಕಾರನ್ನು ಮಾಸ್ತರರು 1992ರಲ್ಲಿ ಎರಡನೆಯ ಕೈಯಿಂದ ಕೊಂಡಿದ್ದರು. ಮಗ ಶಾಲೆಗೆ ಹೋದದ್ದು, ಮಗಳು ಗಂಡನ ಮನೆಗೆ ಹೊರಟದ್ದು, ಮಾಸ್ತರರ ತಾಯಿಯನ್ನು ಕಡೆಯ ಸಲ ಆಸ್ಪತ್ರೆಗೆ ಕರೆತಂದದ್ದು, ಎಲ್ಲವೂ ಅದರಲ್ಲೇ. ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ 1100ರ ವಂಶದಲ್ಲಿ ಹುಟ್ಟಿದ ಗಾಡಿ ಇದು: 1089 ಸಿ.ಸಿ.ಯ ಎಂಜಿನು, ಸ್ಟಿಯರಿಂಗಿನ ಬಳಿಯಲ್ಲೇ ಗೇರು, ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಇದರ ತಯಾರಿಕೆ ನಿಂತು ಎರಡು ದಶಕಗಳ ಮೇಲಾಯಿತು. ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಉಳಿದಿದ್ದ ಪದ್ಮಿನಿಗಳಿಗೂ 2023ರ ಅಕ್ಟೋಬರಿನಲ್ಲಿ ವಿದಾಯವಾಯಿತು. ಹೀಗಿರುವಾಗ ಬಿಡಿಭಾಗಗಳಿಗೆ ಹುಡುಕಾಟ, ಬಲ್ಲ ಕೈಗಳಿಗೆ ಇನ್ನೂ ದೊಡ್ಡ ಹುಡುಕಾಟ. ಗಾಜಿನ ಗೋಡೆಯ ಹೊಸ ಷೋರೂಮುಗಳಲ್ಲಿ ಇಂಥ ಗಾಡಿಯನ್ನು ಕಂಡರೆ ಹುಡುಗರು ಫೋಟೋ ತೆಗೆದುಕೊಳ್ಳುತ್ತಾರೆ, ಬಾನೆಟ್ಟು ತೆರೆಯುವುದಿಲ್ಲ.

ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಾಗ ಅದೊಂದು ಬೋಳುಗುಡ್ಡ. ಈಗ ಅಲ್ಲಿ ದಿನಬೆಳಗಾದರೆ ಎಷ್ಟೋ ಮಂದಿ ಶಸ್ತ್ರಕ್ರಿಯೆಗೆ ಒಪ್ಪಿಗೆಯೆಂದು ಕಾಗದಕ್ಕೆ ಸಹಿ ಹಾಕುತ್ತಾರೆ. ಗ್ಯಾರೇಜಿನಲ್ಲಿ ಅಂಥ ಕಾಗದವಿಲ್ಲ. ಬೀಗದಕೈಯನ್ನು ಮೊಳೆಗೆ ತೂಗುಹಾಕಿ ಬಸ್ಸು ಹತ್ತಿದರಾಯಿತು. ಗಾಡಿಯ ಎದೆ ಬಿಚ್ಚಿದವನು ಏನನ್ನು ತೆಗೆದ, ಏನನ್ನು ಇಟ್ಟ ಎಂಬುದು ಅವನಿಗೂ ದೇವರಿಗೂ ಮಾತ್ರ ಗೊತ್ತು.

ಉಡುಪಿ ಬಾಯಿಮಾತಿನ ವ್ಯವಹಾರಕ್ಕೆ ಹೊಸ ಊರೇನಲ್ಲ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಅಂದರೆ ಒಬ್ಬ ವೈದ್ಯರು, ಒಬ್ಬ ವರ್ತಕರು, ಒಬ್ಬ ಎಂಜಿನಿಯರರು, ಕೂಡಿ ಇಲ್ಲಿ ಸ್ಥಾಪಿಸಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತೆರೆಯಿತು. ಮನೆಬಾಗಿಲಿಗೆ ಬಂದವನ ಕೈಯಲ್ಲಿ ಜನರು ದಿನಕ್ಕೆ ಎರಡಾಣೆಯಂತೆ ಇಟ್ಟರು. ಆ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಮಾಸ್ತರರ ತಂದೆಯೂ ಪಿಗ್ಮಿ ಕಟ್ಟಿದವರೇ. ಮಗನಿಗೆ ಮಾತ್ರ ಆ ಧೈರ್ಯ ಸ್ವಲ್ಪ ಕುಂದಿತ್ತು. ಕೆಲವು ವರ್ಷಗಳ ಹಿಂದೆ ಒಂದು ಗ್ಯಾರೇಜಿನವರು ಬಾಗಿಲ ಬುಡದ ತುಕ್ಕನ್ನು ಕತ್ತರಿಸಿ ಹೊಸ ತಗಡು ಬೆಸೆದೆವೆಂದು ಹಣ ಪಡೆದಿದ್ದರು. ಮರುವರ್ಷದ ಮಳೆಯಲ್ಲಿ ಬಣ್ಣ ಉಬ್ಬಿತು. ಬೆರಳಿಂದ ಒತ್ತಿದರೆ ಒಳಗಿದ್ದದ್ದು ಬರಿಯ ಪುಟ್ಟಿ.

ಅದನ್ನು ಆಮೇಲೆ ಸರಿಪಡಿಸಿಕೊಟ್ಟವನು ಉಡುಪಿಯ ಒಬ್ಬ ಟಿಂಕರ್. ಈ ಸಲವೂ ಮೊದಲು ಅವನ ಅಂಗಳಕ್ಕೇ ಕಾರು ಹೋಯಿತು. ಅವನು ಒಮ್ಮೆ ಪೆಡಲು ಒತ್ತಿ ನೋಡಿ ಹಿಂದೆ ಸರಿದ. "ಮಾಸ್ಟ್ರೇ, ತಗಡಿನ ಕೆಲಸ ಉಂಟಾದರೆ ನನಗೆ ಬಿಡಿ. ಬ್ರೇಕು ನನ್ನ ಕೆಲಸ ಅಲ್ಲ. ಕಾರ್ಕಳದಲ್ಲಿ ಒಬ್ಬರಿದ್ದಾರೆ, ಪದ್ಮಿನಿಯಲ್ಲೇ ಕೈ ಪಳಗಿದವರು." ದಾರಿಯ ಮಟ್ಟಿಗೆ ಸಾಕಾಗುವಷ್ಟು ಬ್ರೇಕನ್ನು ಬಿಗಿಮಾಡಿಕೊಟ್ಟು, ದುಡ್ಡು ಬೇಡವೆಂದ. ತನಗೆ ಬಾರದ ಕೆಲಸವನ್ನು ಬಾರದೆನ್ನುವ ಕಸುಬುದಾರ ಸಿಗುವುದು ಅಪರೂಪ. ಅವನ ಮಾತನ್ನು ನಂಬಿಯೇ ಮಾಸ್ತರರು ಕಾರ್ಕಳಕ್ಕೆ ಹೊರಟರು.

ಹಿರಿಯಡ್ಕದ ನೇರ ದಾರಿಯನ್ನು ಬಿಟ್ಟು ಅವರು ಕಾಪುವಿನ ಬಳಸುದಾರಿ ಹಿಡಿದದ್ದಕ್ಕೆ ಕಾರಣವಿತ್ತು. ಪತ್ನಿಯ ತವರು ಅಲ್ಲಿ. ಮದುವೆಗೆ ಬರುವ ಅತ್ತಿಗೆಗೆ ಸೀರೆ ತಲಪಿಸಬೇಕಾಗಿತ್ತು. ಹೆದ್ದಾರಿಯ ಭರಾಟೆಯಿಂದ ಪಡುವಣಕ್ಕೆ ಹೊರಳಿದರೆ ತೆಂಗಿನ ತೋಟಗಳು, ಅವುಗಳಾಚೆ ಸಮುದ್ರ, ದಡದ ಕರಿಬಂಡೆಯ ಮೇಲೆ 1901ರ ದೀಪಸ್ತಂಭ. ಪ್ರವಾಸಿಗರಿಗೆ ಇದು ಸೂರ್ಯಾಸ್ತದ ತಾಣ. ಕಬ್ಬಿಣಕ್ಕೆ ಮಾತ್ರ ಶತ್ರುವಿನ ಕೋಟೆ. ಅಲೆಯೊಡೆದು ಹಾರುವ ಉಪ್ಪಿನ ಹನಿ ತಗಡಿನ ಮೇಲೆ ಕುಳಿತು ಗಾಳಿಯ ತೇವವನ್ನು ಹೀರಿಕೊಂಡೇ ಇರುತ್ತದೆ. ಆ ಉಪ್ಪುನೀರಿನ ಪೊರೆಯಡಿ ತುಕ್ಕಿಗೆ ರಾತ್ರಿಯೂ ರಜೆಯಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಒಣಗುವ ಅವಕಾಶವಾದರೂ ಎಲ್ಲಿ? ಮಾಸ್ತರರು ಕಾಪುವಿನ ಶಾಲೆಯಲ್ಲಿದ್ದ ಹನ್ನೊಂದು ವರ್ಷ ಪದ್ಮಿನಿ ನಿಂತಿದ್ದು ಈ ಗಾಳಿಯಲ್ಲೇ, ಮಡಲಿನ ಚಪ್ಪರದಡಿ. ಮಳೆಗಾಲಕ್ಕೆ ಮುನ್ನ ಅವರು ಅಡಿಭಾಗಕ್ಕೆ ಹಳೆಯ ಎಂಜಿನ್ ಎಣ್ಣೆಯನ್ನು ಬ್ರಷ್ಷಿನಿಂದ ಬಳಿಯುತ್ತಿದ್ದರು. ಪತ್ನಿಯ ಎರಡು ಹಳೆಯ ಸೀರೆಗಳು ಒರೆಸುವ ಬಟ್ಟೆಯಾಗಿ ಈ ಸೇವೆಗೆ ಸಂದವು.

ಶಿರ್ವ, ಬೆಳ್ಮಣ್ ದಾಟಿ ಕಾರ್ಕಳ ಸೇರಿದಾಗ ಮಧ್ಯಾಹ್ನವಾಗಿತ್ತು. ಗ್ಯಾರೇಜೆಂದರೆ ಶೀಟು ಹೊದಿಸಿದ ಒಂದು ಮಾಡು, ಒಂದು ಗುಂಡಿ, ಗೋಡೆಯಲ್ಲಿ ಅಳತೆಯಂತೆ ತೂಗುಬಿಟ್ಟ ಸ್ಪ್ಯಾನರುಗಳು. ಮೇಸ್ತ್ರಿಗೆ ಅರುವತ್ತು ದಾಟಿರಬೇಕು. ಚಕ್ರ ಕಳಚಿ, ಡ್ರಮ್ಮು ತೆಗೆದು, ಎಣ್ಣೆಯಲ್ಲಿ ತೊಯ್ದ ಲೈನರನ್ನು ಮೂಸಿ ನೋಡಿ, ತಾಸೊಂದರ ಬಳಿಕ ಹೇಳಿದ್ದಿಷ್ಟು: "ಗಾಡಿ ಇಲ್ಲಿಯೇ ಇರಲಿ ಮಾಸ್ಟ್ರೇ. ಮದುವೆಗೆ ಬಸ್ಸಿನಲ್ಲಿ ಹೋಗಿ."

ಮಾಸ್ತರರಿಗೆ ಹಳೆಯ ಪುಟ್ಟಿಯ ನೆನಪು ಮರುಕಳಿಸಿತು. "ರಬ್ಬರು ಬದಲಿಸಿದರೆ ಸಾಕಲ್ಲವೋ? ಎಲ್ಲರೂ ಅದನ್ನೇ ಮಾಡುತ್ತಾರೆ."

ಮೇಸ್ತ್ರಿ ವಾದಿಸಲಿಲ್ಲ. ಬಿಚ್ಚಿದ ಮಾಸ್ಟರ್ ಸಿಲಿಂಡರನ್ನು ಒರೆಸಿ ಅವರ ಕೈಯಲ್ಲಿಟ್ಟು, ಕಿರುಬೆರಳನ್ನು ಒಳಗೆ ಹಾಕಿ ನೋಡಲು ಹೇಳಿದರು. ಉಗುರಿಗೆ ಸಣ್ಣ ಸಣ್ಣ ಗುಳಿಗಳು ತಾಗಿದುವು. ಆ ಗುಳಿಗಳ ಮೇಲೆ ಹೊಸ ರಬ್ಬರು ಓಡಾಡಿದರೆ ಕೆಲವೇ ದಿನಗಳಲ್ಲಿ ಹರಿಯುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ನೀರನ್ನು ಹೀರುವ ಸ್ವಭಾವದ್ದು. ನೀರು ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಘಾಟಿಯಿಳಿಯುವಾಗ ಡ್ರಮ್ಮು ಕಾದು ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ದ್ರವವನ್ನು ಒತ್ತಿದರೆ ಬ್ರೇಕು ಹಿಡಿಯುತ್ತದೆ. ಆವಿಯನ್ನು ಒತ್ತಿದರೆ ಪೆಡಲು ನೆಲ ಮುಟ್ಟುತ್ತದೆ, ಚಕ್ರ ನಿಲ್ಲುವುದಿಲ್ಲ. ಹೊಸ ಸಿಲಿಂಡರು ಮುಂಬಯಿಯಿಂದಲೇ ಬರಬೇಕು. ಎಂದು ಬರುವುದೆಂದು ಮಾತು ಕೊಡಲಾರೆನೆಂದರು.

ಮಾಸ್ತರರು ಉತ್ತರ ಕೊಡದೆ ಹೊರಬಿದ್ದು, ಪತ್ನಿಯೊಡನೆ ಚತುರ್ಮುಖ ಬಸದಿಯ ಮೆಟ್ಟಿಲು ಹತ್ತಿದರು. 1586ರ ಆ ಶಿಲಾಮಂದಿರದ ಜಗಲಿಯಿಂದ ಎದುರುಗುಡ್ಡದ ಗೊಮ್ಮಟ ಕಾಣುತ್ತಾನೆ: ಸುಮಾರು 42 ಅಡಿಯ ಏಕಶಿಲೆ, 1432ರ ಪ್ರತಿಷ್ಠೆ. ಮೂರ್ತಿಯನ್ನು ಬೇರೆಡೆ ಕಡೆದು, ಬಂಡಿಯ ಮೇಲೆ ಗುಡ್ಡಕ್ಕೆ ಎಳೆದೊಯ್ದರೆಂದು ಹಳೆಯ ಕಾವ್ಯವೇ ವರ್ಣಿಸಿದೆ. ಆ ಬಂಡಿಯ ಅಚ್ಚನ್ನು ಕೂಡಿಸಿದ ಬಡಗಿಯ ಹೆಸರು ಯಾರಿಗೂ ತಿಳಿಯದು. ಅದು ಮುರಿದಿದ್ದರೆ ಮಾತ್ರ ಹೆಸರು ಉಳಿಯುತ್ತಿತ್ತೋ ಏನೋ!

"ಅವರಿಗೆ ಹಣ ಬೇಕಾಗಿದ್ದರೆ ರಬ್ಬರು ಹಾಕಿ ಇವತ್ತೇ ಕೊಡಬಹುದಿತ್ತಲ್ಲ," ಎಂದರು ಪತ್ನಿ. "ನೀವು ಇಂದ್ರಾಳಿಯಲ್ಲಿ ಎರಡು ಸಲ ತುಳಿದದ್ದನ್ನು ನಾನು ನೋಡಿದ್ದೇನೆ."

ಬೀಗದಕೈ ಮೊಳೆಗೆ ಏರಿತು. ಮದುವೆಗೆ ದಂಪತಿಗಳು ಆಗುಂಬೆಯ ಮಿನಿಬಸ್ಸಿನಲ್ಲಿ, ಮೊಣಕಾಲಿನ ಮೇಲೆ ಉಡುಗೊರೆಯ ಕಟ್ಟನ್ನಿಟ್ಟುಕೊಂಡು ಹೋದರು. ಹಿಂತಿರುಗುವಾಗ ಘಾಟಿಯಲ್ಲಿ ಮಂಜು ಕವಿದಿತ್ತು. ಮಾಸ್ತರರು ತಿರುವುಗಳನ್ನು ಎಣಿಸುತ್ತಿದ್ದರು. ಪ್ರತಿ ತಿರುವಿನಲ್ಲೂ ಅವರ ಬಲಗಾಲು ಬಸ್ಸಿನ ನೆಲವನ್ನು ತಾನಾಗಿ ಒತ್ತುತ್ತಿತ್ತು.

ಮೂರನೆಯ ವಾರ ಕಾರ್ಕಳದಿಂದ ಕರೆ ಬಂತು. ಹೊಸ ಸಿಲಿಂಡರು, ಹೊಸ ಎಣ್ಣೆ, ಹೊಸ ಲೈನರು. ಬ್ರೇಕಿನ ಲೈನರುಗಳ ತಯಾರಿಕೆಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ರಾಳದ ಪುಡಿಯನ್ನು ಬೆರೆಸುವುದುಂಟು. ಗೇರುಬೀಜದ ಕಾರ್ಖಾನೆಗಳ ಈ ಊರಿನಲ್ಲಿ ಅದನ್ನು ಹೇಳುವಾಗ ಮೇಸ್ತ್ರಿಯ ಮುಖದಲ್ಲಿ ಕಿರುನಗೆಯಿತ್ತು. ತೆಗೆದ ಭಾಗಗಳೆಲ್ಲ ಹಳೆಯ ಪತ್ರಿಕೆಯೊಂದರಲ್ಲಿ ಕಟ್ಟಾಗಿ ಹಿಂದಿನ ಸೀಟಿನಲ್ಲಿದ್ದುವು. ಕೇಳದೆಯೇ ಇಟ್ಟಿದ್ದರು.

ಬೈಲೂರು, ಹಿರಿಯಡ್ಕ ಕಳೆದು ಪರ್ಕಳದ ತಿರುವಿಗೆ ಬಂದಾಗ ಮತ್ತೆ ಮಳೆ ಹನಿಯತೊಡಗಿತು. ಎದುರಿಗೆ ಬಸ್ಸು ಬಂತು. ಪತ್ನಿ ರಸ್ತೆಯನ್ನು ನೋಡಲಿಲ್ಲ, ಮಾಸ್ತರರ ಪಾದವನ್ನು ನೋಡಿದರು. ಅದು ಒಂದೇ ಸಲ ಇಳಿಯಿತು. ಆಕೆ ಕಿಟಕಿಯ ಗಾಜು ಏರಿಸಿ, ಸಂಜೆಗೆ ತರಕಾರಿ ಏನು ಕೊಳ್ಳಬೇಕೆಂದು ವಿಚಾರಿಸತೊಡಗಿದರು.