ತಾತ ಕುಣಿಯಲ್ಲಿದ್ದಾರೆ

ಬೆಂಗಳೂರಿನ ಕಡೆಯ ದೂರದ ನೆಂಟರು ಯಾರೋ ಸೇಲಂನ ಗುಗೈಯಲ್ಲಿದ್ದ ನಮ್ಮ ಮನೆಗೆ ಮೊದಲ ಸಲ ಬಂದಿದ್ದರು. ಬಾಗಿಲ ಮುಂದೆ ಗೋಲಿ ಆಡುತ್ತಿದ್ದ ನನ್ನನ್ನು "ತಾತ ಎಲ್ಲಪ್ಪಾ?" ಎಂದು ಕೇಳಿದರು. "ತಾತ ಕುಣಿಯಲ್ಲಿದ್ದಾರೆ" ಎಂದೆ. ಬಂದವರ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲ ಮೆಲ್ಲಗೆ ಕೆಳಗಿಳಿಯಿತು. ಜೊತೆಗಿದ್ದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಲಾಳಿಯ ಸದ್ದು ನಿಂತು, "ಯಾರೋ ಅದು? ಒಳಗೆ ಕರಕೊಂಡು ಬಾರೋ" ಎಂದು ತಾತನದೇ ದನಿ ಕೇಳಿದ್ದರಿಂದ ಅವತ್ತಿನ ಶೋಕ ಅಲ್ಲಿಗೇ ನಿಂತಿತು. ನೆಂಟರು ಹೋದ ಮೇಲೆ ಅಜ್ಜಿ ನನ್ನ ಕಿವಿ ಹಿಂಡಿದರು. "ಮಗ್ಗದಲ್ಲಿದ್ದಾರೆ ಅನ್ನೋಕೆ ನಿನಗೇನಾಗಿತ್ತೋ?"

ನನಗೇನೂ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಕುಣಿ ಎಂದರೆ ಹಳ್ಳ, ಕುಣಿ ಎಂದರೆ ನರ್ತಿಸು ಎಂಬ ಅಪ್ಪಣೆ; ಅದಕ್ಕೆ ಮೂರನೆಯ ಅರ್ಥವೊಂದಿದೆ ಎಂದು ನನಗೆ ಗೊತ್ತಾದದ್ದು ಆ ಕಿವಿಯ ಮೂಲಕ. ಮೊದಲಿನ ಎರಡು ಅರ್ಥವೂ ತಾತನಿಗೆ ಸರಿಯಾಗಿಯೇ ಹೊಂದುತ್ತಿದ್ದವು. ನಡುಮನೆಯ ಮಣ್ಣು ನೆಲದಲ್ಲಿ ಎರಡೂವರೆ ಅಡಿ ಆಳದ ಚೌಕಾಕಾರದ ಕುಣಿ. ಅದರ ಅಂಚಿನಲ್ಲಿ ಮಡಿಸಿದ ಗೋಣಿತಾಟಿನ ಮೇಲೆ ತಾತ. ಕಾಲೆರಡೂ ಒಳಗೆ, ತುಳಿಹಲಗೆಗಳ ಮೇಲೆ. ಮೇಲೆ ಕೈ ಲಾಳಿಯನ್ನು ಅತ್ತಿಂದಿತ್ತ ಓಡಿಸಿದರೆ, ಕೆಳಗೆ ಕಣ್ಣಿಗೆ ಬೀಳದ ಕಾಲುಗಳು ಎಡ, ಬಲ, ಎಡ, ಬಲ ಎಂದು ಕುಣಿಯುತ್ತಿದ್ದವು. ಗುಗೈ ಎಂದರೆ ತಮಿಳಿನಲ್ಲಿ ಗುಹೆ. ಗುಹೆಯೆಂಬ ಬಡಾವಣೆಯಲ್ಲಿ ಮನೆ, ಮನೆಯೊಳಗೆ ಕುಣಿ. ಭೂಮಿಯ ಮೇಲಕ್ಕೆ ಬರುವ ಅವಸರ ನಮ್ಮ ವಂಶದಲ್ಲಿ ಯಾರಿಗೂ ಇದ್ದಂತಿಲ್ಲ.

ನನ್ನ ನಾಲ್ಕನೆಯ ವಯಸ್ಸಿನಲ್ಲಿ ನಾನು ನಿಂತರೆ, ತಾತ ಕೂತರೆ, ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬರುತ್ತಿದ್ದವು. ಉಳಿದ ದೊಡ್ಡವರೆಲ್ಲ ನನ್ನ ಪಾಲಿಗೆ ಮೊಣಕಾಲುಗಳು, ಸೀರೆಯ ನೆರಿಗೆಗಳು, ಮೇಲಿನಿಂದ ಇಳಿದುಬರುವ ಆಜ್ಞೆಗಳು. ತಾತ ಒಬ್ಬರೇ ಮುಖವಾಗಿ ಸಿಕ್ಕವರು. ಹುಬ್ಬಿನಲ್ಲಿ ಹತ್ತಿಯ ಧೂಳು, ಕಿವಿಯ ಸಂದಿಯಲ್ಲಿ ಅರ್ಧ ಬೀಡಿ, ಹಾಸಿನ ಎಳೆ ತುಂಡಾದಾಗ ತುಟಿಯಲ್ಲಿ ದಾರದ ತುದಿ. ಎಳೆಯನ್ನು ಬೆರಳಲ್ಲೇ ಹೊಸೆದು ಕೂಡಿಸುತ್ತಾ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು, ಸಮವಯಸ್ಕರೊಬ್ಬರು ಮತ್ತೊಬ್ಬರಿಗೆ ಹಾರಿಸುವಂತೆ. ಅವರು ನಿಂತರೆ ಆರಡಿ ಎತ್ತರದ ಆಸಾಮಿ ಎಂಬುದನ್ನು ನಾನು ತುಂಬ ದಿನ ಒಪ್ಪಿಕೊಂಡಿರಲಿಲ್ಲ.

ಕುಣಿಯಿರಬೇಕಾದರೆ ಮಣ್ಣು ನೆಲವಿರಬೇಕು. ಕಾಲಿಗೆ ಜಾಗ ಬೇಕೆಂಬುದಷ್ಟೇ ಅಲ್ಲ ಕಾರಣ. ಹತ್ತಿ ನೂಲಿಗೆ ತೇವ ಬೇಕು. ಒಣಗಾಳಿಯಲ್ಲಿ ಹಾಸಿನ ಎಳೆ ಪಟಪಟ ತುಂಡಾಗುತ್ತದೆ. ತಂಪಿದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ಸೇಲಂನಂಥ ಬಿಸಿಲೂರಿನಲ್ಲಿ ತಂಪು ಎಲ್ಲಿಂದ ಬರಬೇಕು? ನೆಲದಿಂದಲೇ. ಅಜ್ಜಿ ಸಗಣಿಯಿಂದ ಸಾರಿಸಿದ ನೆಲ ಮೆಲ್ಲಗೆ ಉಸಿರಾಡುತ್ತಿತ್ತು, ಆ ಉಸಿರು ಕುಣಿಯಿಂದೇಳುತ್ತಾ ಹಾಸನ್ನು ತಟ್ಟುತ್ತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ತಾತ ಕುಣಿಯ ಗೋಡೆಗೆ ಒಂದು ಚೊಂಬು ನೀರು ಚಿಮುಕಿಸಿ ಕೆಲಸಕ್ಕೆ ಕೂರುತ್ತಿದ್ದರು. ಇಂಗ್ಲೆಂಡಿನ ಲ್ಯಾಂಕಾಷೈರ್ ಹತ್ತಿಯ ನಾಡಾಗಲು ಅಲ್ಲಿಯ ಕಡಲ ಕಡೆಯಿಂದ ಬರುವ ಚಳಿಯ ಒದ್ದೆ ಗಾಳಿಯೂ ಒಂದು ಕಾರಣ ಎನ್ನುತ್ತಾರೆ. ಗಿರಣಿ ಬರುವ ಮೊದಲು ಅಲ್ಲಿಯ ಕೈಮಗ್ಗದವರೂ ನೆಲಮಾಳಿಗೆಯಲ್ಲಿ, ಮಣ್ಣು ನೆಲದ ಮೇಲೇ, ಮಗ್ಗ ಹೂಡುತ್ತಿದ್ದರಂತೆ. ಲ್ಯಾಂಕಾಷೈರಿನ ಬಟ್ಟೆ ನಮ್ಮ ಮುತ್ತಾತಂದಿರ ಅನ್ನಕ್ಕೆ ಕಲ್ಲು ಹಾಕಿದ್ದು ನಿಜ. ಆದರೆ ಆ ನೇಕಾರರೂ ನಮ್ಮವರೂ ಕಾಲು ತಣ್ಣಗಿಟ್ಟುಕೊಂಡೇ ಹೊಟ್ಟೆ ಹೊರೆದವರೆಂದು ತಿಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿದಿದೆ.

ನೇಕಾರನನ್ನು ಕುಣಿಯಿಂದ ಎಬ್ಬಿಸಲು ದೊರೆಗಳೂ ಒಮ್ಮೆ ನೋಡಿದ್ದರು. 1906ರ ಸುಮಾರಿಗೆ ಮದರಾಸು ಸರ್ಕಾರದ ಆಲ್ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಸೇಲಂನಲ್ಲಿ ಕೈಮಗ್ಗದ ಕಾರ್ಖಾನೆ ತೆರೆದ. ಒಳ್ಳೆಯ ಮಗ್ಗ, ಒಳ್ಳೆಯ ಲಾಳಿ, ಹೊತ್ತಿಗೆ ಸರಿಯಾಗಿ ಕೂಲಿ. ನಮ್ಮವರಿಗೆ ಹೊತ್ತಿಗೆ ಸರಿಯಾಗಿ ಕೂಲಿ ಕೊಡುವುದೇನೋ ಇಷ್ಟವಾಯಿತು. ಹೊತ್ತಿಗೆ ಸರಿಯಾಗಿ ಹೋಗುವುದು ಇಷ್ಟವಾಗಲಿಲ್ಲ. ಮನೆ ಬಿಟ್ಟು ಬಂದು ನೇಯಲು ಅವರು ಒಗ್ಗಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಕಾರ್ಖಾನೆ ಮುಚ್ಚಿತು. ಸರ್ಕಾರದ ಕೈಲಾಗದ ಆ ಕೆಲಸವನ್ನು ನಮ್ಮ ಮನೆಯಲ್ಲಿ ಚಿಕ್ಕಪ್ಪನ ಮದುವೆ ಹದಿನೈದು ದಿನದಲ್ಲಿ ಮಾಡಿ ಮುಗಿಸಿತು.

ಅದು 1979. ಹೆಣ್ಣು ಕೊಯಮತ್ತೂರಿನದು, ನಮ್ಮ ಹಾಗೇ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಆಡುವ ದೇವಾಂಗರು. ನಿಶ್ಚಿತಾರ್ಥಕ್ಕೆ ಹೋಗಿಬಂದ ಚಿಕ್ಕಪ್ಪ ಊಟಕ್ಕೆ ಕೂತು, ಅನ್ನ ಕಲಸುತ್ತಾ, "ಅವರ ಮನೇಲಿ ಮೊಸಾಯಿಕ್ಕು" ಎಂದರು. ಬೇರೇನೂ ಹೇಳಲಿಲ್ಲ. ಅಜ್ಜಿ ತಾವು ಬೆಳಿಗ್ಗೆ ತಾನೇ ಸಾರಿಸಿದ್ದ ನೆಲವನ್ನು, ಅಂಗೈ ಎಳೆದ ಅರ್ಧಚಂದ್ರಗಳು ಇನ್ನೂ ಹಸಿಯಾಗಿದ್ದ ಆ ನೆಲವನ್ನು, ಮೊದಲ ಸಲ ಬೇರೆಯವರ ಕಣ್ಣಿನಿಂದ ನೋಡಿದರು. ಅಪ್ಪ ಆಗಲೇ ಇನ್ನಿಬ್ಬರ ಜೊತೆ ಸೇರಿ ಶೆಡ್ಡಿನಲ್ಲಿ ಪವರ್‌ಲೂಮ್ ಹಾಕಿದ್ದರು. ತಾತನ ಎಡಗಣ್ಣಿಗೆ ಪೊರೆ ಬಂದಿತ್ತು. ವಾದವೇನೂ ನಡೆಯಲಿಲ್ಲ. ಮಗ್ಗ ತೆಗೆಯುವುದು, ಸಿಮೆಂಟ್ ನೆಲ ಹಾಕಿಸುವುದು ಎಂದು ನಿರ್ಧಾರವಾಯಿತು. ಯಾರು ನಿರ್ಧರಿಸಿದರು ಎಂದು ಈಗ ಕೇಳಿದರೆ ಎಲ್ಲರೂ ಇನ್ನೊಬ್ಬರ ಹೆಸರು ಹೇಳುತ್ತಾರೆ.

ಬೇಡವೆಂದು ಬಾಯಿಬಿಟ್ಟು ಹೇಳಿದವರು ಡೆಂಕಣಿಕೋಟೆಯ ಅತ್ತೆ ಒಬ್ಬರೇ. ಅತ್ತೆಯ ಮನೆ ಕೂತಲ್ಲೇ ಕೂತು ಮೂರು ಜಿಲ್ಲೆ ಕಂಡ ಮನೆ: 1965ರವರೆಗೆ ಸೇಲಂ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಆ ಸೀಮೆ ಸುಮಾರು 3,000 ಅಡಿ ಎತ್ತರದ್ದು. ಪಕ್ಕದ ತಳಿಯನ್ನು ಬ್ರಿಟಿಷರು ತಮ್ಮೂರಿನ ನೆನಪಿಗೆ ಲಿಟ್ಲ್ ಇಂಗ್ಲೆಂಡ್ ಎಂದೇ ಕರೆದಿದ್ದರು. ಅಂಥ ಚಳಿಯಲ್ಲಿ ಅತ್ತೆ ಎರಡು ವರ್ಷ ಮೊದಲೇ ಸಿಮೆಂಟ್ ನೆಲ ಹಾಕಿಸಿ ಪಶ್ಚಾತ್ತಾಪ ಪಡುತ್ತಿದ್ದರು. "ಧನುರ್ಮಾಸದಲ್ಲಿ ಕಾಲಿಟ್ಟರೆ ಮಂಡಿವರೆಗೂ ಹಿಡಿಯುತ್ತಣ್ಣಾ. ಮಣ್ಣಾದರೆ ನಮ್ಮ ಕಾಲನ್ನ ಗುರುತು ಹಿಡೀತಿತ್ತು. ಇದು ಯಾರೋ ಏನೋ ಅನ್ನೋ ಹಾಗಿರುತ್ತೆ" ಎಂದು ಅಪ್ಪನಿಗೆ ಹೇಳಿದರು. ಅಪ್ಪ ಅಷ್ಟಕ್ಕೆಲ್ಲ ಮದುವೆಯ ಲೆಕ್ಕ ಬದಲಿಸುವವರಲ್ಲ.

ಆಗ ಸಿಮೆಂಟಿಗೆ ಪರ್ಮಿಟ್. ಹತ್ತಿರದ ಸಂಕಗಿರಿಯಲ್ಲೇ ಸಿಮೆಂಟ್ ಕಾರ್ಖಾನೆ ಹೊಗೆಯಾಡುತ್ತಿದ್ದರೂ ಒಂದು ಮೂಟೆ ಬೇಕೆಂದರೆ ಅರ್ಜಿ ಬರೆದು, ಕಚೇರಿಯ ಬೆಂಚು ಸವೆಸಿ, ಮದುವೆಯ ಲಗ್ನಪತ್ರಿಕೆಯನ್ನು ಸಾಕ್ಷಿಗೆ ಲಗತ್ತಿಸಬೇಕಿತ್ತು. 1982ರಲ್ಲಿ ಆ ಹತೋಟಿ ಅರ್ಧ ಸಡಿಲಿತು, 1989ರಲ್ಲಿ ಪೂರ್ತಿ ಹೋಯಿತು. ನಮ್ಮ ಚಿಕ್ಕಪ್ಪ ಅಷ್ಟು ದಿನ ಕಾಯುವ ಸ್ಥಿತಿಯಲ್ಲಿರಲಿಲ್ಲ. ಹದಿನಾಲ್ಕು ಮೂಟೆ ಕೇಳಿದ್ದಕ್ಕೆ ಹತ್ತು ಮಂಜೂರಾಯಿತು. ಸೆಣಬಿನ ಚೀಲದಲ್ಲಿ ಗಾಡಿಯ ಮೇಲೆ ಬರುವ ದಾರಿಯಲ್ಲಿ ಕಾಲು ಮೂಟೆ ಬೀದಿಯ ಪಾಲಾಯಿತು. ಅಜ್ಜಿ ಆ ಧೂಳನ್ನು ಬೆರಳಿಗೆ ಹಚ್ಚಿಕೊಂಡು ನೋಡಿ "ವಿಭೂತಿ ಹಾಗೇ ಇದೆ" ಎಂದು ಸಮಾಧಾನಪಟ್ಟರು.

ಗಾರೆ ಕೆಲಸದ ಕೊತ್ತನಾರ್ ಬಂದ, ಹಿಂದೆ ಬಾಂಡ್ಲಿ ಹೊತ್ತ ಇಬ್ಬರು ಚಿತ್ತಾಳುಗಳು. ನೆಲ ಅಗೆಯುವ ಮೊದಲು ಕುಣಿಯನ್ನು ಖಾಲಿ ಮಾಡಬೇಕಿತ್ತು. ಅಪ್ಪ ಮತ್ತು ಚಿಕ್ಕಪ್ಪ ಮಗ್ಗವನ್ನು ಬಿಚ್ಚಿ ಅಟ್ಟಕ್ಕೇರಿಸಿದರು. ತಾತ ಕುಣಿಯೊಳಗಿಳಿದು ನಿಂತು ಒಂದೊಂದೇ ವಸ್ತುವನ್ನು ಮೇಲಕ್ಕೆ ಕೊಡತೊಡಗಿದರು: ಏಳು ಕಂಡಿಕೆ, ನಶ್ಯದ ಡಬ್ಬಿಯ ಮುಚ್ಚಳ, ಅತ್ತೆ ಹುಡುಗಿಯಾಗಿದ್ದಾಗ ಕಳೆದು ಹೊಡೆಸಿಕೊಂಡಿದ್ದ ಒಂದು ಕಿವಿಯೋಲೆ, ಆರನೇ ಜಾರ್ಜಿನ ಒಂದು ಕಾಲಾಣೆ, ನನ್ನ ಹನ್ನೊಂದು ಗೋಲಿ. ಹನ್ನೊಂದು! ಎದುರುಮನೆ ಹುಡುಗ ಕದ್ದನೆಂದು ಒಂದು ವರ್ಷ ಅವನ ಜೊತೆ ಮಾತು ಬಿಟ್ಟಿದ್ದೆ.

ಒಂದು ಗಾಡಿ ಮಣ್ಣು ಸಾಕು ಎಂದಿದ್ದ ಕೊತ್ತನಾರ್. ಸುರಿದರೆ ಕುಣಿ ತುಂಬಲಿಲ್ಲ. ಇನ್ನರ್ಧ ಗಾಡಿ ಬೇಕಾಯಿತು. ತುಳಿಹಲಗೆಯ ಕೆಳಗೆ ನಲವತ್ತು ವರ್ಷದ ಹಿಮ್ಮಡಿ ಒಂದು ಬೋಗುಣಿಯಷ್ಟು ತಗ್ಗು ಮಾಡಿತ್ತು. "ಅದು ನನ್ನ ಕಾಲಿನ ಸಂಪಾದನೆ" ಎಂದರು ತಾತ, ಗಾಡಿಯವನಿಗೆ ಹೆಚ್ಚಿನ ದುಡ್ಡು ಕೊಡುವಾಗ. ನ್ಯಾಯವಾಗಿ ಅರ್ಧರ್ಧ ಅಡಿ ಮಣ್ಣು ಹಾಕಿ, ನೀರು ಕುಡಿಸಿ, ದಿಮ್ಮಸಿನಿಂದ ಬಡಿದು, ಮತ್ತೆ ಅರ್ಧ ಅಡಿ ಹಾಕಬೇಕು. ಮದುವೆ ಹತ್ತಿರವಿತ್ತು. ಕೊತ್ತನಾರ್ ಒಂದೇ ಸಲಕ್ಕೆ ಸುರಿದು, ಮೇಲೆ ನಾಲ್ಕು ಏಟು ಹಾಕಿ, ಜಲ್ಲಿ ಹರಡಿದ. ಕೆಂಪು ಕಾವಿ ಕಲಸಿದ ಗಾರೆಯನ್ನು ಮಟ್ಟಗೋಲಿನಿಂದ ಎಳೆದು, ಇನ್ನೇನು ಬಿಗಿಯಬೇಕು ಎನ್ನುವ ಹೊತ್ತಿಗೆ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಕರಣೆಯಿಂದ ನಯವಾಗಿ ತಿಕ್ಕುತ್ತಾ ಹಿಂದೆ ಹಿಂದೆ ಸರಿದ. ಕತ್ತಲಾಗುವ ಹೊತ್ತಿಗೆ ನಡುಮನೆ ಹುಣ್ಣಿಮೆಯ ಕೆರೆಯ ಹಾಗೆ ಹೊಳೆಯುತ್ತಿತ್ತು. ಆ ಕೈಚಳಕಕ್ಕೆ ನಾನು ಈಗಲೂ ತಲೆಬಾಗುತ್ತೇನೆ. ದಿಮ್ಮಸಿನ ವಿಷಯ ಬೇರೆ.

ಮಾರನೆಯ ದಿನ ಬಾಗಿಲಿಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಏಳು ದಿನ ಮನೆಯೊಳಗೆ ಕೆರೆ. ನಾವು ಕಾಗದದ ದೋಣಿ ಬಿಟ್ಟೆವು. ತಾತ ಜಗಲಿಯಲ್ಲಿ ಕೂತು, ಬಾಗಿಲೊಳಗೆ ಇಣುಕಿ, "ಈಗ ನೋಡು, ಬೇಕಾದಷ್ಟು ತೇವ. ಮಗ್ಗ ಮಾತ್ರ ಇಲ್ಲ" ಎಂದು ನಕ್ಕರು. ಎಲ್ಲರೂ ನಕ್ಕೆವು. ಅಪ್ಪ ಮಾತ್ರ ಯಾಕೋ ಎದ್ದು ಶೆಡ್ಡಿಗೆ ಹೋದರು.

ಮದುವೆ ಚೆನ್ನಾಗಿಯೇ ನಡೆಯಿತು. ಹೆಣ್ಣಿನ ಕಡೆಯವರು ನೆಲವನ್ನು ಗಮನಿಸಿದಂತೆ ಕಾಣಲಿಲ್ಲ. ಅಜ್ಜಿ ಶುಕ್ರವಾರ ಬಂತೆಂದರೆ ಸಗಣಿಯ ನೀರನ್ನು ಸಿಮೆಂಟಿನ ಮೇಲೇ ನಾಲ್ಕು ಹನಿ ಚಿಮುಕಿಸಿ, ಚಿಕ್ಕಮ್ಮ ನೋಡುವ ಮೊದಲು ಒರೆಸಿಬಿಡುತ್ತಿದ್ದರು. ಸಿಮೆಂಟ್ ಚೀಲವೊಂದನ್ನು ಒಗೆದು ನಾಲ್ಕು ಮಡಿಕೆ ಮಾಡಿಕೊಂಡು, ಮನೆಯೊಳಗೆ ಎಲ್ಲಿ ಕೂತರೂ ಅದನ್ನು ಹಾಸಿಕೊಂಡೇ ಕೂರುತ್ತಿದ್ದರು. ಸಿಮೆಂಟಿನಿಂದ ಬಂದ ಚಳಿಗೆ ಸಿಮೆಂಟಿನವರದೇ ಚೀಲ.

ತಾತನ ತೊಂದರೆ ಇನ್ನೊಂದು ಬಗೆಯದು. ಅವರಿಗೆ ಕೂರುವುದು ಮರೆತುಹೋಗಿತ್ತು. ಚಕ್ಕಳಮಕ್ಕಳ ಹಾಕಿದರೆ ಮಂಡಿ ಒಪ್ಪುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತರೆ ಪಾದ ನೆಲ ಮುಟ್ಟಿ ತಬ್ಬಿಬ್ಬಾಗುತ್ತಿತ್ತು. ಕೊನೆಗೆ ಜಗಲಿಯ ಅಂಚೇ ಗತಿಯಾಯಿತು. ಅಲ್ಲಿ ಕಾಲು ಇಳಿಬಿಟ್ಟು ಕೂತು, ಬೀದಿ ನೋಡುತ್ತಾ, ಹೋಗಿಬರುವವರನ್ನು ಮಾತಾಡಿಸುತ್ತಾ ಇರುವಾಗ ಕೆಳಗೆ ಪಾದಗಳು ತಮ್ಮ ಪಾಡಿಗೆ ಎಡ, ಬಲ, ಎಡ, ಬಲ ಎಂದು ಗಾಳಿಯನ್ನು ತುಳಿಯುತ್ತಿದ್ದವು. ಇದು ಅವರಿಗೇ ಗೊತ್ತಿರಲಿಲ್ಲ. ಒಂದು ದಿನ ನಾನು ಪಕ್ಕದಲ್ಲಿ ನಿಂತು ನೋಡಿದರೆ ಅವರ ಮುಖ ಎಲ್ಲೋ ಮೇಲಿತ್ತು.

ಎರಡು ಮಳೆಗಾಲ ಕಳೆಯುವುದರೊಳಗೆ ಗೋಡೆಯ ಗಾರೆ ಮೊಣಕಾಲೆತ್ತರಕ್ಕೆ ಉಬ್ಬಿ ಉದುರತೊಡಗಿತು. ನೆಲದಲ್ಲಿ ಮೇಲೆ ಬರುತ್ತಿದ್ದ ತೇವಕ್ಕೆ ದಾರಿ ಕಟ್ಟಿಹೋಗಿ ಅದು ಮಣ್ಣುಗೋಡೆಯನ್ನು ಹತ್ತಿತ್ತು. ಈಗ ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿರುವ ನನ್ನ ತಂಗಿಯ ಮಗ ಹೋದ ಚಳಿಗಾಲ ಫೋನಿನಲ್ಲಿ ತನ್ನ ಬಾಡಿಗೆಯ ಹಳೇ ಕಲ್ಲುಮನೆಯ ಗೋಡೆ ತೋರಿಸಿದ. ಅಲ್ಲೂ ಮೊಣಕಾಲೆತ್ತರಕ್ಕೆ ಅದೇ ಕಲೆ. ಹಿಂದಿನವರು ಯಾರೋ ಹಳೆಯ ನೆಲ ಕಿತ್ತು ಕಾಂಕ್ರೀಟ್ ಸುರಿದಿದ್ದಾರಂತೆ. "ಏನು ಮಾಡೋದು ಮಾವಾ?" ಎಂದ. "ಗೋಣಿಚೀಲ ಹಾಕಿಕೊಂಡು ಕೂತ್ಕೋ" ಎಂದೆ. ನಮ್ಮ ಮನೆತನದಲ್ಲಿ ಗೊತ್ತಿರುವ ಚಿಕಿತ್ಸೆ ಅದೊಂದೇ.

ದಿಮ್ಮಸಿನ ವಿಷಯ ಬೇರೆ ಎಂದೆನಲ್ಲ. ಮೂರನೆಯ ವರ್ಷ ನಡುಮನೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಬಿರುಕುಗಳು ಸಾಮಾನ್ಯವಾಗಿ ನದಿಯ ಹಾಗೆ ಡೊಂಕು ಡೊಂಕಾಗಿ ಹರಿಯುತ್ತವೆ. ಇದು ಹಾಗಲ್ಲ, ಗೆರೆ ಎಳೆದಂತೆ ನಾಲ್ಕು ಕಡೆ ನೇರ, ನಾಲ್ಕು ಮೂಲೆ. ಒಳಗಿನ ಭಾಗ ಅರ್ಧ ಅಂಗುಲ ಕುಸಿದಿತ್ತು. ನೆಲ ಒರೆಸಿದಾಗಲೆಲ್ಲ ನೀರು ಅಲ್ಲೇ ಬಂದು ನಿಲ್ಲುತ್ತಿತ್ತು. ಅಪ್ಪ ಒಡೆಸಿ ಸರಿಮಾಡಿಸುತ್ತೇನೆ ಎಂದರು. ತಾತ "ಇರಲಿ ಬಿಡು, ಯಾರಿಗೇನು ತೊಂದರೆ" ಎಂದರು. ಅವರು ಹೋದ ಮೇಲೂ ಯಾರೂ ಒಡೆಸಲಿಲ್ಲ.

ಈಗ ಆ ಮನೆಯಲ್ಲಿ ಚಿಕ್ಕಪ್ಪನ ಮಗನಿದ್ದಾನೆ. ಅವನ ಮಗಳಿಗೆ ಗಂಡು ಗೊತ್ತಾಗಿದೆ. ಟೈಲ್ಸ್ ಹಾಕಿಸಬೇಕೆಂದು ಮೊನ್ನೆ ಕೆಲಸದವನನ್ನು ಕರೆಸಿದ್ದ. ನಾನೂ ಅಲ್ಲಿದ್ದೆ. ಆ ಹುಡುಗ ಕೈಯಲ್ಲೊಂದು ಕಬ್ಬಿಣದ ಸರಳು ಹಿಡಿದು ನೆಲವನ್ನು ತಟ್ಟುತ್ತಾ ಬಂದ. ಟಣ್, ಟಣ್, ಟಣ್. ನಡುಮನೆಯ ಮಧ್ಯಕ್ಕೆ ಬಂದಾಗ ಸದ್ದು ಬದಲಾಯಿತು, ಡಬ್ ಎಂದಿತು. ಮತ್ತೆ ತಟ್ಟಿದ. ಡಬ್. ತಲೆಯೆತ್ತಿ ತಮಿಳಿನಲ್ಲಿ ಕೇಳಿದ: "ಇಲ್ಲಿ ಕೆಳಗೆ ನೀರಿನ ತೊಟ್ಟಿ ಇತ್ತಾ ಸಾರ್?"

"ಇಲ್ಲಪ್ಪ, ಮಗ್ಗದ ಕುಣಿ" ಎಂದೆ.

ಅವನು ಅದನ್ನು ಕಂಡವನಲ್ಲ; ಕೇಳಿದಂತೆ ತಲೆಯಾಡಿಸಿದ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಸಿಗರೇಟಿನ ಪ್ಯಾಕಿನ ಹಿಂಬದಿಯ ಅಂದಾಜುಪಟ್ಟಿಯಲ್ಲಿ ಕೊನೆಗೊಂದು ಸಾಲು ಸೇರಿಸಿದ: ಹಳ್ಳಕ್ಕೆ ಸಿಮೆಂಟ್, ಒಂದು ಮೂಟೆ ಹೆಚ್ಚಿಗೆ.