ಘಮಘಮ ಎಂದರೆ ಸಾಕೇ?

ಸೋದರಿಯರೇ, ಬಿಡುವಾದಾಗ ನಿಮ್ಮ ಬಚ್ಚಲುಮನೆಯ ಗೂಡಿನಲ್ಲಿ ಏನೇನಿದೆ ಎಂದು ಒಮ್ಮೆ ಎಣಿಸಿ ನೋಡಿ. ಮೈಸೋಪು, ಬಟ್ಟೆಪುಡಿ, ಶಾಂಪೂ, ನೆಲ ಒರೆಸುವ ದ್ರಾವಣ, ಕಕ್ಕಸು ತೊಳೆಯುವ ಆಸಿಡ್, ಜೊತೆಗೆ ಸೊಳ್ಳೆಗೊಂದು, ಜಿರಲೆಗೊಂದು! ನಮ್ಮ ಮನೆಯಲ್ಲಂತೂ ಹದಿಮೂರು ಇದ್ದವು.

"ಎಲ್ಲಾ ಪರೀಕ್ಷೆ ಮಾಡಿಯೇ ಅಂಗಡಿಗೆ ಬಿಟ್ಟಿರ್ತಾರೆ ಕಣೇ, ನಿಂದೊಂದು!" ಎನ್ನುತ್ತಾರೆ ನಮ್ಮವರು. ಇರಬಹುದು. ಆದರೆ ಆ ಪರೀಕ್ಷೆ ಹೆಚ್ಚಾಗಿ ನಡೆಯುವುದು ಒಂದೊಂದೇ ವಸ್ತುವಿನ ಮೇಲೆ. ನಮ್ಮ ಮೋರಿಯಲ್ಲಿ, ನಮ್ಮ ಮೈಯಲ್ಲಿ ಎಲ್ಲವೂ ಒಟ್ಟಿಗೇ ಸೇರುತ್ತವಲ್ಲ, ಆಗೇನು? ಚೊಚ್ಚಲ ಬಸುರಿ ಮಗಳು ತವರಿಗೆ ಬಂದಿರುವಾಗ ಈ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಓದಿ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ನಮ್ಮ ದೇಹ ಕಣ್ಣಿಗೆ ಕಾಣದ ಜೀವಕೋಶಗಳಿಂದ ಆದದ್ದು. ಪ್ರತಿ ಕೋಶದ ಸುತ್ತ ಒಂದು ಪೊರೆ. ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಇಟ್ಟರೂ ಒಂದು ಕಾಗದದ ದಪ್ಪವಾಗದು, ಅಷ್ಟು ತೆಳು! ಅದರಲ್ಲಿರುವುದು ಎರಡು ಪದರ ಜಿಡ್ಡು, ನಡುನಡುವೆ ಪ್ರೋಟೀನು. ಈ ಪೊರೆ ಗೋಡೆಯಂತೆ ಗಟ್ಟಿಯಲ್ಲ, ಎಣ್ಣೆಯಂತೆ ಚಲಿಸುವಂಥದು ಎಂದು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಎಂಬ ವಿಜ್ಞಾನಿಗಳು ವಿವರಿಸಿದರು.

ಜಿಡ್ಡಿನ ವಿಷಯ ನಮಗೆ ಹೇಳಿಕೊಡಬೇಕೇ? ತುಪ್ಪದ ಪಾತ್ರೆಗೆ ಬರೀ ನೀರು ಹಾಕಿದರೆ ಜಿಡ್ಡು ಹೋಗದು, ಸೋಪು ಹಾಕಿದರೆ ಬಿಡುತ್ತದೆ. ಸೋಪಿನ ಜಾತಿಯ ವಸ್ತುಗಳು ಕೋಶದ ಪೊರೆಯನ್ನೂ ಹೀಗೆಯೇ ಸಡಿಲಿಸುತ್ತವೆ. ನಮ್ಮ ಚರ್ಮದ ಮೇಲೆ ಸತ್ತ ಕೋಶಗಳ ಹೊದಿಕೆ ಇರುವುದರಿಂದ ನಾವು ಬಚಾವು. ಮೀನಿನ ಕಿವಿರಿಗೆ ಆ ಹೊದಿಕೆ ಇಲ್ಲ. ಅಂಟುವಾಳದ ನೊರೆ ಕೂಡ ಅದಕ್ಕೆ ಆಗದು.

ಇನ್ನು ಎಣ್ಣೆಯಲ್ಲಿ ಕರಗುವ ಕೀಟನಾಶಕದಂಥವು ಈ ಜಿಡ್ಡಿನ ಪೊರೆಯನ್ನು ಸಲೀಸಾಗಿ ದಾಟಿಬಿಡುತ್ತವೆ. ಅದಕ್ಕೆಂದೇ ಪೊರೆಯಲ್ಲಿ ಕಾವಲುಗಾರರಿದ್ದಾರೆ. ಕೆಲವು ಪ್ರೋಟೀನುಗಳು ಪಂಪಿನಂತೆ ಕೆಲಸ ಮಾಡಿ, ಒಳಗೆ ನುಗ್ಗಿದ ಬೇಡದ ವಸ್ತುಗಳನ್ನು ಹೊರಕ್ಕೆ ದಬ್ಬುತ್ತವೆ.

ಈಗ ಕೇಳಿ. ಸೋಪು, ಬಟ್ಟೆಪುಡಿಗಳ ಪರಿಮಳಕ್ಕೆ ಕಾರ್ಖಾನೆಯಲ್ಲಿ ತಯಾರಾದ ಕೃತಕ ಕಸ್ತೂರಿ ಬಳಸುವುದುಂಟು. 2005ರಲ್ಲಿ ಅಮೆರಿಕದ ವಿಜ್ಞಾನಿಗಳಿಬ್ಬರು ಕ್ಯಾಲಿಫೋರ್ನಿಯಾದ ಕಡಲ ಚಿಪ್ಪುಜೀವಿಯ ಕಿವಿರಿನ ಮೇಲೆ ಇದನ್ನು ಪ್ರಯೋಗಿಸಿ ನೋಡಿದರು. ಕಸ್ತೂರಿಯಿಂದ ಕೋಶ ಸಾಯಲಿಲ್ಲ, ಆದರೆ ಕಾವಲುಗಾರನ ಕೈ ಕಟ್ಟಿಹೋಯಿತು! ಶುದ್ಧ ನೀರಿಗೆ ಬದಲಾಯಿಸಿದ ಮರುದಿನವೂ ಪಂಪು ಸರಿಯಾಗಿ ನಡೆಯಲಿಲ್ಲ. ಆ ಹೊತ್ತಿನಲ್ಲಿ ನೀರಿನಲ್ಲಿರುವ ಬೇರೆ ವಿಷ ಒಳಗೆ ಬಂದರೆ ತಡೆಯುವವರಾರು? ಒಂದೊಂದನ್ನೇ ಪರೀಕ್ಷಿಸಿದರೆ ಇದು ಗೊತ್ತಾಗುತ್ತಿತ್ತೇ, ನೀವೇ ಹೇಳಿ.

ಚಿಪ್ಪುಜೀವಿಗೆ ಆದದ್ದೆಲ್ಲ ನಮಗೂ ಆಗುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ಬಗೆಯ ಪಂಪುಗಳು ಮನುಷ್ಯರ ಕರುಳಿನಲ್ಲಿವೆ, ಮೆದುಳಿನ ರಕ್ತನಾಳಗಳಲ್ಲಿವೆ, ಬಸುರಿಯ ಮಾಸಿನಲ್ಲೂ ಇವೆ. ಹೊಟ್ಟೆಯೊಳಗಿನ ಕಂದನನ್ನು ಕಾಯುವವರಲ್ಲಿ ಅವೂ ಸೇರಿವೆ. ಇದನ್ನು ಓದಿ ಹೇಳಿದಾಗ ನಮ್ಮವರೂ ಸುಮ್ಮನಾದರು.

ಹಾಗೆಂದು ಹೆದರಿ ಮನೆ ತೊಳೆಯುವುದನ್ನು ಬಿಡಬೇಕಿಲ್ಲ. ಒಂದರಲ್ಲಿ ಆಗುವ ಕೆಲಸಕ್ಕೆ ಮೂರು ಬೇಡ. ಬಟ್ಟೆಪುಡಿಯನ್ನು ಚಮಚದಲ್ಲಿ ಅಳೆದೇ ಹಾಕಿ. ಬರೀ ವಾಸನೆಗೆಂದು ತರುವುದನ್ನು, ಅದರಲ್ಲೂ ಮನೆಯಲ್ಲಿ ಬಸುರಿಯೋ ಎಳೆಮಗುವೋ ಇದ್ದರೆ, ಪಟ್ಟಿಯಿಂದ ಹೊಡೆದುಹಾಕಿ. ಸೊಳ್ಳೆಗೆ ಪರದೆ ಕಟ್ಟಿ. ಬ್ಲೀಚಿಂಗ್ ಪುಡಿಯನ್ನೂ ಕಕ್ಕಸಿನ ಆಸಿಡನ್ನೂ ಎಂದಿಗೂ ಬೆರೆಸಬೇಡಿ. ಅದರಿಂದ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ.

ನಾವು ಚೆಲ್ಲಿದ ನೀರು ಮೋರಿಯಲ್ಲೇ ನಿಲ್ಲುವುದಿಲ್ಲ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂತು, ಕೊನೆಗೆ ಹೊತ್ತಿಯೂ ಉರಿಯಿತು. ಅದರಲ್ಲಿ ಮನೆಮನೆಯ ಬಚ್ಚಲ ನೀರೂ ಇತ್ತು. ನಿಮ್ಮೂರಿನ ಕೆರೆಗೂ ಅಂಥ ಗತಿ ಬಾರದಿರಲಿ. ಬಿಸಿಲಲ್ಲಿ ಒಣಗಿದ ಬಟ್ಟೆಗೆ ಅದರದೇ ಹಿತವಾದ ವಾಸನೆ ಇರುತ್ತದೆ, ಅಷ್ಟು ಸಾಲದೇ?